ಅಮ್ಮ, ಸ್ವಲ್ಪ ಆಚೆ ನಿಂತ್ಕೊಳ್ಳಿ

ಸಕಲೇಶಪುರದ ಕಡೆಯವಳು ಎಂದು ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರ ಮುಖ ಅರಳುತ್ತದೆ. "ಅಯ್ಯೋ, ಎಂಥ ಅದೃಷ್ಟ ನಿಮ್ಮದು! ಸ್ವರ್ಗದಲ್ಲಿದ್ದೀರಿ" ಎನ್ನುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಸ್ವರ್ಗದಲ್ಲಿರುವವರು ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚಿ, ಬುತ್ತಿ ಕಟ್ಟಿಕೊಂಡು, ಆನೆ ಯಾವ ತೋಟದಲ್ಲಿದೆ ಎಂದು ಮೊಬೈಲು ನೋಡಿಕೊಂಡು ಕೂಲಿಗೆ ಹೊರಡುತ್ತಾರೆಯೇ ಎಂದು ಕೇಳಬೇಕೆನಿಸುತ್ತದೆ. ಆದರೆ ನೆಂಟರ ಎದುರು ಮನೆಯ ಸೋರುವ ಸೂರು ತೋರಿಸಬಾರದಲ್ಲ!

ನಮ್ಮ ಊರಿರುವುದು ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳ ಅಂಚಿನಲ್ಲಿ. ಪಾಳ್ಯದ ಕಡೆ ಬಸ್ಸಿಳಿದು ಒಳಕ್ಕೆ ನಡೆಯಬೇಕು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾಳೆ. ನಾನು ಬಿ.ಎ. ಕಡೆಯ ವರ್ಷ. ನಮ್ಮ ಮನೆಯಲ್ಲಿ ಇರುವುದು ಇಷ್ಟೇ ಜನ, ಮತ್ತೊಂದು ಬೆಕ್ಕು.

'ಮುಂಗಾರು ಮಳೆ' ಚಿತ್ರ 2006ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ನಾನು ಒಂದು ವರ್ಷದ ಕೂಸು. ಅದರ ಕೆಲವು ಭಾಗ ನಮ್ಮ ಸಕಲೇಶಪುರದ ಕಡೆಯೇ ಚಿತ್ರೀಕರಣವಾಗಿದ್ದು. ಆಮೇಲೆ ನಮ್ಮ ಕಡೆಯ ಮಳೆಯ ಹಣೆಬರಹವೇ ಬದಲಾಯಿತು. ಅಲ್ಲಿಯವರೆಗೆ ಮಳೆ ಎಂದರೆ ಒಣಗದ ಬಟ್ಟೆ, ಹೊಗೆ ಕಾರುವ ಸೌದೆ, ಕಾಲಿಗೆ ಹತ್ತುವ ಇಂಬಳ. ಆ ಚಿತ್ರ ಬಂದ ಮೇಲೆ ಮಳೆ ಎಂದರೆ ಪ್ರೇಮ! ನಾನೇನೂ ದೂರುತ್ತಿಲ್ಲ. ಟಿವಿಯಲ್ಲಿ ಆ ಚಿತ್ರ ಬಂದಾಗಲೆಲ್ಲ ಕಣ್ಣು ಮಿಟುಕಿಸದೆ ನೋಡಿದವಳು ನಾನು. ಹೊರಗೆ ಸುರಿಯುವ ಮಳೆಯನ್ನು ಬೈದುಕೊಂಡು ಒಳಗೆ ಟಿವಿಯ ಮಳೆಗೆ ಮರುಳಾಗುವುದು ನಮ್ಮ ಊರಿನ ಹುಡುಗಿಯರಿಗೆ ಹೊಸದಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಗುಡ್ಡ ಜಾರಿ ಹೆದ್ದಾರಿ ನಿಂತಿತು. ಎಡಕುಮರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಆ ವಾರವೂ ನಮ್ಮ ಮೊಬೈಲುಗಳಲ್ಲಿ ಮಳೆಯ ಹಾಡುಗಳು ನಿಲ್ಲಲಿಲ್ಲ.

ಮೊಬೈಲು ಎಂದಾಗ ಬಸ್ಸಿನ ಮಾತು ಹೇಳಲೇಬೇಕು. ನನ್ನ ಮೊಬೈಲು ಬಂದದ್ದೇ ಬಸ್ಸಿನ ದುಡ್ಡಿನಿಂದ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ 'ಶಕ್ತಿ' ಯೋಜನೆ ಶುರುವಾಯಿತು. ಅದೇ ವರ್ಷ ನಾನು ಕಾಲೇಜು ಸೇರಿದೆ. ಮೊದಲ ದಿನ ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಅವ್ವ ತಿರುಗಿಸಿ ತಿರುಗಿಸಿ ನೋಡಿದಳು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ಸರ್ಕಾರ ಟಿಕೀಟು ಕೊಡ್ತು, ಸೀಟು ಕೊಡೋದ ಮರ್ತೋಯ್ತು" ಎಂದಳು. ಸುತ್ತ ನಿಂತ ಹೆಂಗಸರೆಲ್ಲ ಗೊಳ್ಳೆಂದರು. ಆದರೂ ಆ ಸೊನ್ನೆಯ ಬೆಲೆ ಸೊನ್ನೆಯಲ್ಲ. ನನ್ನ ಬಸ್ಸಿನ ಖರ್ಚಿಗೆಂದು ಅವ್ವ ಸಕ್ಕರೆ ಡಬ್ಬಿಯ ಹಿಂದೆ ಇಡುತ್ತಿದ್ದ ದುಡ್ಡು ಹಾಗೇ ಉಳಿಯಿತು. ಅದಕ್ಕೆ ಇನ್ನಷ್ಟು ಸೇರಿಸಿ, ಒಳ್ಳೆಯ ಕ್ಯಾಮೆರಾ ಇರುವ ಮೊಬೈಲೊಂದನ್ನು ಕೊಂಡೆ. ಆ ಕ್ಯಾಮೆರಾವೇ ನನಗೆ ಕೆಲಸವನ್ನೂ ಕೊಡಿಸಿತು.

ಅವ್ವ ಕೆಲಸ ಮಾಡುವ ತೋಟದ ಹಳೆಯ ಬಂಗಲೆ ಈಗ ಹೋಂಸ್ಟೇ ಆಗಿದೆ. ಶನಿವಾರ ಮಧ್ಯಾಹ್ನ, ಭಾನುವಾರ ಅಲ್ಲಿಗೆ ಬರುವ ಅತಿಥಿಗಳಿಗೆ ತೋಟ ತೋರಿಸುವುದು, ಅವರ ಫೋಟೋ, ರೀಲ್ಸ್ ತೆಗೆದುಕೊಡುವುದು ನನ್ನ ಪಾಲಿನ ಕೆಲಸ. "ನಿನ್ನ ಕಣ್ಣು ಚೆನ್ನಾಗಿದೆ ಕಣಮ್ಮ, ಎಲ್ಲಿ ನಿಂತರೆ ಏನು ಕಾಣುತ್ತೆ ಅಂತ ಗೊತ್ತು" ಎಂದು ಹೋಂಸ್ಟೇ ನೋಡಿಕೊಳ್ಳುವವರು ಹೊಗಳುತ್ತಾರೆ. ಹೊಗಳಿಕೆ ಸುಳ್ಳಲ್ಲ. ಮಂಜರಾಬಾದ್ ಕೋಟೆಯನ್ನೇ ನೋಡಿ. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ಕೋಟೆ ಎಂಟು ಮೂಲೆಯ ನಕ್ಷತ್ರ. ಒಳಗೆ ನಿಂತವರಿಗೆ ಕಾಣುವುದು ಬರೀ ಗೋಡೆ. ನಕ್ಷತ್ರ ಕಾಣಬೇಕಾದರೆ ಮೇಲಿನಿಂದ ಡ್ರೋನ್ ಹಾರಿಸಬೇಕು. ಹಾಗೆ ಯಾವುದನ್ನು ಎಲ್ಲಿಂದ ತೋರಿಸಿದರೆ ಚೆಂದ ಎಂಬ ವಿದ್ಯೆ ನನಗೆ ಬೇಗ ಒಲಿಯಿತು. ಚೆಂದ ಕಾಣದ್ದನ್ನು ಬಿಡುವ ವಿದ್ಯೆಯೂ ಅದರ ಜೊತೆಗೇ ಬಂತು.

2025ರ ಜನವರಿಯ ಒಂದು ಶನಿವಾರ. ರೋಬಸ್ಟಾ ಕೊಯ್ಲು ಜೋರಾಗಿ ನಡೆದಿತ್ತು. ಆ ಸಲ ಕಾಫಿಗೆ ಹಿಂದೆಂದೂ ಕಾಣದಷ್ಟು ಬೆಲೆ. ತೋಟದವರಿಗೆ ಬೇಗ ಹಣ್ಣು ಇಳಿಸುವ ಅವಸರ. ಊರಿನ ಆಳು ಸಾಲದೆ, ಅಸ್ಸಾಮಿನ ಕಡೆಯಿಂದ ಬಂದು ಲೈನುಮನೆಯಲ್ಲಿರುವವರೂ ಕೊಯ್ಲಿಗೆ ಇಳಿದಿದ್ದರು. ನಾನು ಬೆಂಗಳೂರಿನಿಂದ ಬಂದಿದ್ದ ಗಂಡ ಹೆಂಡತಿಯನ್ನು ಬಂಗಲೆಯ ಕೆಳಗಿನ ತೋಟಕ್ಕೆ ಕರೆದುಕೊಂಡು ಹೋದೆ. ಆ ಹೆಂಡತಿಯ ಕೈಗೆ ಒಂದು ಬೆತ್ತದ ಬುಟ್ಟಿ ಕೊಟ್ಟೆ. ನಮ್ಮ ಹೆಂಗಸರ್‍ಯಾರೂ ಅಂಥ ಬುಟ್ಟಿ ಹಿಡಿದು ಹಣ್ಣು ಕುಯ್ಯುವುದಿಲ್ಲ. ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಉದುರಿಸಿ, ಚೀಲಕ್ಕೆ ತುಂಬುತ್ತಾರೆ. ಬುಟ್ಟಿ ಇರುವುದು ಫೋಟೋಕ್ಕೆ ಮಾತ್ರ. ತಲೆಗೆ ಬಣ್ಣದ ವಸ್ತ್ರ ಕಟ್ಟಿ, ಕೆಂಪು ಹಣ್ಣಿನ ಗೊಂಚಲಿನ ಪಕ್ಕ ನಿಲ್ಲಿಸಿ, ಬೆಳಕು ನೋಡಿ, ಮೊಬೈಲು ಹಿಡಿದೆ.

ಹಿಂದುಗಡೆ ಒಬ್ಬ ಹೆಂಗಸು ಅಡ್ಡ ಬಂದಳು. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಮಂಡಿಯವರೆಗೆ ಎತ್ತಿ ಕಟ್ಟಿದ ಸೀರೆ. ಕೈಯೆಲ್ಲ ಕಪ್ಪು. ಕತ್ತಿನ ಮೇಲೆ ಹರಿಯುತ್ತಿದ್ದ ಚಗಳಿ ಇರುವೆಯನ್ನು ಕಿತ್ತೆಸೆಯುತ್ತ, ತುಂಬಿದ ಚೀಲ ಎಳೆದುಕೊಂಡು ಬರುತ್ತಿದ್ದಳು. ಅಂಗಿ ಅಪ್ಪನದು. ಹೆಂಗಸು ನಮ್ಮವ್ವ. ಬೆಳಿಗ್ಗೆ ಮೇಲಿನ ತೋಟದಲ್ಲಿ ಇದ್ದವರನ್ನು ಮಧ್ಯಾಹ್ನ ಕೆಳಗಿಳಿಸಿದ್ದು ನನಗೆ ತಿಳಿದಿರಲಿಲ್ಲ.

ಅತಿಥಿಗಳು ಏನೂ ಹೇಳಲಿಲ್ಲ. ಅವರು ಗಮನಿಸಿಯೂ ಇರಲಿಕ್ಕಿಲ್ಲ. ಹೇಳಿದವಳು ನಾನು.

"ಅಮ್ಮ, ಸ್ವಲ್ಪ ಆಚೆ ನಿಂತ್ಕೊಳ್ಳಿ."

ಅವ್ವ ನನ್ನ ಮುಖ ನೋಡಿದಳು. ಅರ್ಧ ಕ್ಷಣ ಅಷ್ಟೆ. ಚೀಲವನ್ನು ಎಳೆದುಕೊಂಡು ಸಿಲ್ವರ್ ಮರದ ಆಚೆ ಹೋಗಿ ನಿಂತಳು. ವಿಡಿಯೋ ಬಹಳ ಚೆನ್ನಾಗಿ ಬಂತು.

ಆ ರಾತ್ರಿ ಅವ್ವ ಒಲೆಯ ಮುಂದೆ ಕೂತು ಕೈಗೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದಳು. ನಾನು ಪುಸ್ತಕ ತೆರೆದು ಓದುವ ನಾಟಕ ಮಾಡುತ್ತಿದ್ದೆ.

"ನಿನ್ನ ಪಿಚ್ಚರ್ರು ಚೆಂದಾಗಿ ಬಂತಾ?"

"ಹ್ಞೂಂ."

"ನಂಗೆ ನಿಂತ್ಕೊಳ್ಳಿ ಅಂದ್ಯಲ್ಲ ಮಗಾ" ಎಂದು ಅವ್ವ ನಕ್ಕಳು. "ಇಷ್ಟು ವರ್ಷದಲ್ಲಿ ರೈಟರೂ ನಂಗೆ ಅಷ್ಟು ಮರ್ಯಾದೆ ಕೊಟ್ಟಿಲ್ಲ."

ನೀವೇ ಹೇಳಿ, ಬೈದಿದ್ದರೆ ವಾಸಿಯಿರಲಿಲ್ಲವೇ? ಹುಟ್ಟಿದಾಗಿನಿಂದ ನಾನು ಅವಳನ್ನು ಕರೆದಿರುವುದು ಅವ್ವ ಎಂದೇ. ಬಾ, ಹೋಗು, ಉಂಡ್ಯಾ, ಮಲಿಕ್ಕೊ, ಹೀಗೇ ನಮ್ಮ ಮಾತು. ಜಗಳವಾಡಿದಾಗಲೂ ಅವಳಿಗೆ ಬಹುವಚನ ಹಚ್ಚಿರಲಿಲ್ಲ. ಆ ದಿನ ಬಾಯಿಗೆ ಬಂದ ಆ ಮರ್ಯಾದೆ, ದಾರಿಯಲ್ಲಿ ಸಿಕ್ಕ ಯಾವಳೋ ಹೆಂಗಸಿಗೆ ಕೊಡುವಂಥದ್ದು. ಇವಳು ನನ್ನ ಅವ್ವನಲ್ಲ ಎಂದು ಬಾಯಿಬಿಟ್ಟು ಹೇಳದೆ, ಒಂದು 'ಕೊಳ್ಳಿ'ಯಲ್ಲಿ ಹೇಳಿ ಮುಗಿಸಿದ್ದೆ.

ಅಂದು ನಿದ್ದೆ ಹತ್ತಲಿಲ್ಲ. ಹೀಗೆ ಇನ್ನೂ ಯಾರು ಯಾರನ್ನು ಆಚೆ ನಿಲ್ಲಿಸಿದ್ದೇನೆ ಎಂದು ಲೆಕ್ಕ ಹಾಕುತ್ತ ಮಲಗಿದ್ದೆ. ಮೊದಲು ನೆನಪಾದದ್ದು ಅರ್ಜುನ. ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ, 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ಮಾವುತ ಅತ್ತದ್ದನ್ನು ಟಿವಿಯಲ್ಲಿ ನೋಡಿ ಇಡೀ ನಾಡೇ ಅತ್ತಿತು. ನಾನೂ ಅತ್ತೆ, ಅವ್ವನೂ ಅತ್ತಳು. ಕಣ್ಣೊರೆಸಿಕೊಂಡು ಅವಳು ಕೇಳಿದ ಮೊದಲ ಮಾತು, "ನಾಳೆ ತೋಟಕ್ಕೆ ಬಿಡ್ತಾರಂತಾ?" ಎಂದು. ಟಿವಿಯವರಿಗೆ ಆನೆ ಒಂದು ವಾರದ ಸುದ್ದಿ. ಅವ್ವನಿಗೆ ಆನೆ ದಿನಾ ಬೆಳಗಿನ ಸುದ್ದಿ. ಆನೆ ಯಾವ ತೋಟದಲ್ಲಿದೆಯೆಂದು ಮೊಬೈಲಿಗೆ ಸಂದೇಶ ಬರುತ್ತದೆ. ನಮ್ಮ ತೋಟದ ಹೆಸರಿದ್ದರೆ ಆ ದಿನ ಅತ್ತ ಕಾಲಿಡುವಂತಿಲ್ಲ. ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ.

ಅದೇ 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನ ಹಳ್ಳಿಯೂರಿನ ಬಳಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಿಸಲೆಂದು ಅರಿವಳಿಕೆ ಹಾಕಲು ಹೋದ 'ಆನೆ ವೆಂಕಟೇಶ್' ಅದೇ ಆನೆಯ ಕಾಲಿಗೆ ಸಿಕ್ಕು ತೀರಿಕೊಂಡರು. ಭೀಮ ಮೊಬೈಲಿನ ದೊಡ್ಡ ತಾರೆಯಾದ. ಊರ ಬೀದಿಯಲ್ಲಿ ಗಾಂಭೀರ್ಯದಿಂದ ನಡೆದು ಹೋಗುವ ಅವನ ವಿಡಿಯೋಗೆ ಸಿನಿಮಾ ಹಾಡು ಸೇರಿಸಿ ಎಷ್ಟೋ ಜನ ಹಂಚಿದರು. ಹಂಚಿದವರಲ್ಲಿ ನಾನೂ ಒಬ್ಬಳು. ಹಾಡು ಹುಡುಕುವಾಗ ವೆಂಕಟೇಶರ ನೆನಪು ನನಗೆ ಬರಲೇ ಇಲ್ಲ. ಭೀಮನದು ತಪ್ಪೆನ್ನಲಾರೆ, ಅವನದು ಮೂಕ ಜೀವ. ನನಗೆ ಬಾಯಿತ್ತು, ಕಣ್ಣೂ ಇತ್ತು.

ಇದಾಗಿ ನಾಲ್ಕು ತಿಂಗಳಿಗೆ, 2025ರ ಮೇ 20ರಂದು, ಹಾಸನದ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ 'ಹಾರ್ಟ್ ಲ್ಯಾಂಪ್' ಎಂದು ಇಂಗ್ಲಿಷಿಗೆ ತಂದಿದ್ದರು. ಕನ್ನಡದ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಕಾಲೇಜಿನಲ್ಲಿ ಅದೇ ಮಾತು. ನಾನು ಅವರ ಕನ್ನಡ ಕಥೆಗಳನ್ನು ಹುಡುಕಿ ತಂದು ಓದಿದೆ. ವಕೀಲೆಯಾಗಿ ಎಷ್ಟೋ ಹೆಂಗಸರ ಕಷ್ಟ ಕೇಳಿದವರು ಅವರು. ಕಥೆಯೊಳಗೆ ಬರುವವರೂ ಅಂಥ ಹೆಂಗಸರೇ: ಗಂಡನ ಮನೆಯಲ್ಲಿ ಬೆಂದವರು, ಮಕ್ಕಳಿಗಾಗಿ ಉಸಿರು ಹಿಡಿದವರು, ಮನೆಯ ಫೋಟೋದಲ್ಲಿ ಒಂದು ಮೂಲೆಗೆ ನಿಲ್ಲುವಂಥವರು. ಅವರಲ್ಲಿ ಯಾರಿಗೂ ಆಕೆ ಆಚೆ ನಿಂತ್ಕೊಳ್ಳಿ ಎಂದಿರಲಿಲ್ಲ.

ಒಂದು ಕಥೆಯನ್ನು ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ತಟ್ಟುತ್ತಲೇ ಕೇಳಿದಳು. ಬಹುಮಾನ ಎಷ್ಟೆಂದಳು. ಐವತ್ತು ಸಾವಿರ ಪೌಂಡು, ಬರೆದವರಿಗೂ ಇಂಗ್ಲಿಷಿಗೆ ತಂದವರಿಗೂ ಸಮಪಾಲು ಎಂದೆ. "ಹಾಸನದ ಹೆಂಗಸ್ರ ಕಷ್ಟಕ್ಕೆ ಲಂಡನ್ನಲ್ಲಿ ದುಡ್ಡು ಕೊಡ್ತಾರಾ!" ಎಂದು ಬೆರಗಾದಳು. ಸ್ವಲ್ಪ ಹೊತ್ತಿನ ಮೇಲೆ, "ಅವ್ರಿಗೆ ಹೆಂಗೆ ಗೊತ್ತಾಯ್ತು ಇದೆಲ್ಲ?" ಎಂದಳು. "ಹತ್ರ ಹೋಗಿ ಕೇಳಿರ್ತಾರೆ ಕಣವ್ವ" ಎಂದೆ. ಹೇಳಿ ಮುಗಿಸುವಾಗ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಈಗ 2026ರ ಕೊಯ್ಲು ನಡೆದಿದೆ. ನಾನು ಹೋಂಸ್ಟೇ ಕೆಲಸ ಬಿಟ್ಟಿಲ್ಲ. ಫೀಸಿಗೆ, ಪುಸ್ತಕಕ್ಕೆ ಆ ದುಡ್ಡು ಬೇಕು. ಪರೀಕ್ಷೆ ಮುಗಿದ ಮೇಲೆ ಪೂರ್ತಿ ಕೆಲಸಕ್ಕೇ ಬಾ ಎಂದು ಅವರು ಕರೆದಿದ್ದಾರೆ. ಬಿ.ಎಡ್. ಮಾಡು ಎಂದು ಅವ್ವನ ಹಟ. ಗೆಳತಿಯರು ಬೆಂಗಳೂರು ಎನ್ನುತ್ತಿದ್ದಾರೆ. ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ. ರೀಲ್ಸ್ ತೆಗೆಯುವುದೂ ನಿಂತಿಲ್ಲ. ಮೊನ್ನೆ ಅಸ್ಸಾಮಿನ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ ತನ್ನ ಮನೆಯವರಿಗೆ ವಿಡಿಯೋ ಕರೆ ಮಾಡಿ, ಮೊಬೈಲು ತಿರುಗಿಸಿ ತಿರುಗಿಸಿ ನಮ್ಮ ಗುಡ್ಡ ತೋರಿಸುತ್ತಿದ್ದಳು. ಚೆಂದವನ್ನು ತೋರಿಸುವ ಆಸೆ ಯಾರಿಗಿಲ್ಲ ಹೇಳಿ?

ಕಳೆದ ಶನಿವಾರ ಮೈಸೂರಿನಿಂದ ಒಂದು ಸಂಸಾರ ಬಂದಿತ್ತು. ತೋಟಕ್ಕೆ ಇಳಿಯುವಾಗಲೇ ಅವ್ವ ಕಂಡಳು. ಅದೇ ಅಂಗಿ, ಅದೇ ಟವೆಲು. ನಮ್ಮನ್ನು ನೋಡಿದ್ದೇ ತಾನಾಗಿ ಮರದ ಆಚೆ ಸರಿಯತೊಡಗಿದಳು. ಎದೆ ಹೊಡೆದುಕೊಂಡಿತು.

"ಅವ್ವಾ, ಅಲ್ಲೇ ಇರು. ಬಾ ಇಲ್ಲಿ" ಎಂದು ಕೂಗಿದೆ. ಅತಿಥಿಗಳ ಕಡೆ ತಿರುಗಿ, "ನಮ್ಮ ತಾಯಿ. ಈ ತೋಟದಲ್ಲಿ ಕೊಯ್ಲು ಇವರಷ್ಟು ಗೊತ್ತಿರೋರು ಇಲ್ಲ. ಇವರೇ ಹೇಳಿಕೊಡ್ತಾರೆ" ಎಂದೆ.

ಅವ್ವ ನಾಚಿ ಟವೆಲು ಬಿಚ್ಚಿ ಮುಖ ಒರೆಸಿಕೊಂಡಳು. ಮತ್ತೆ ತಲೆಗೆ ಸುತ್ತಿಕೊಂಡಳು. ನಾನು ವಿಡಿಯೋ ಶುರು ಮಾಡಿದೆ. ಆ ಮನೆಯ ಹಿರಿಯ ಹೆಂಗಸು ಬುಟ್ಟಿ ಹಿಡಿದು, ನಗುತ್ತ ಒಂದು ಗೊಂಚಲಿಗೆ ಕೈ ಹಾಕಿದರು. ಅವ್ವ ಥಟ್ಟನೆ ಅವರ ಕೈ ಹಿಡಿದುಕೊಂಡು ಅಂದಳು:

"ಅಯ್ಯಯ್ಯೋ, ಹಸ್ರು ಕಾಯಿ ಕೀಳ್ಬ್ಯಾಡ್ರೀ! ರೈಟರು ನಿಮ್ಗಲ್ಲ, ನಂಗೆ ಬೈತಾರೆ!"