ಮೇಯಿಸುವವರು ಯಾರು?

ಭಾನುವಾರ ಬೆಳಿಗ್ಗೆ ಹೈದರಾಬಾದಿನ ಮಟನ್ ಅಂಗಡಿಯೊಂದರ ಸಾಲಿನಲ್ಲಿ ನಿಂತಿದ್ದಾಗ ಅಣ್ಣನಿಗೆ ಊರಿನಿಂದ ತಮ್ಮನ ಫೋನ್ ಬಂತು.

‘ಅಣ್ಣಾ, ಹಿಂಡು ಕೊಟ್ಟಬಿಡತೀನಿ. ಬುಧವಾರ ಗಾಡಿ ಬರತೈತಿ.’

ಮುಂದೆ ಇನ್ನೂ ನಾಲ್ಕು ಜನ ಇದ್ದರು. ಅಂಗಡಿಯವನು ಕೊಕ್ಕೆಗೆ ತೂಗುಹಾಕಿದ್ದ ಕುರಿಯಿಂದ ತೊಡೆ ಬಿಡಿಸುತ್ತಿದ್ದ. ‘ಎಷ್ಟು?’ ಎಂದು ಅಣ್ಣ ಕೇಳಿದ. ಕೇಳಿದ್ದು ಬೆಲೆಯನ್ನಲ್ಲ. ತಮ್ಮನಿಗೆ ಅದು ಅರ್ಥವಾಯಿತು. ‘ಎಲ್ಲಾ. ಅರವತ್ತೆರಡು.’

ಫೋನ್ ಇಟ್ಟ ಮೇಲೂ ಅಣ್ಣ ಸಾಲು ಬಿಡಲಿಲ್ಲ. ಒಂದು ಕಿಲೋ ತೂಗಿಸಿದ, ಚಾಪ್ಸ್ ಸ್ವಲ್ಪ ಜಾಸ್ತಿ ಹಾಕು ಎಂದೂ ಹೇಳಿದ. ಆ ದಿನವನ್ನು ನೆನೆದಾಗಲೆಲ್ಲ ಅವನನ್ನು ಹೆಚ್ಚು ಕಾಡಿದ್ದು ಆ ಮಾತು.

ಕೊಪ್ಪಳ ಜಿಲ್ಲೆಯ ಕುರುಬರ ಮನೆ ಅವರದು. ಅಪ್ಪ ವರ್ಷದಲ್ಲಿ ಅರ್ಧ ಭಾಗ ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಹೋಗುತ್ತಿದ್ದ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲದವರು ಜೋಳ ಕೊಡುತ್ತಿದ್ದರು, ಇಲ್ಲವೇ ರೊಕ್ಕ. ಕುರಿಯ ಹಿಕ್ಕೆಯೇ ಆ ಹೊಲಕ್ಕೆ ಗೊಬ್ಬರ. ಅಣ್ಣನಿಗೆ ಹನ್ನೊಂದು ವರ್ಷವಾದಾಗ ಹಾಸ್ಟೆಲಿಗೆ ಸೇರಿಸಲು ರೊಕ್ಕ ಬೇಕಾಯಿತು. ಅವನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ ಕೆಂಚ ಎಂಬ ಟಗರು ಸಂತೆಗೆ ಹೋಯಿತು. ಯಾರಿಗೆ ಕೊಟ್ಟೆ ಎಂದು ಅವನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಆ ಹಾಸ್ಟೆಲಿನಿಂದ ಕಾಲೇಜು, ಕಾಲೇಜಿನಿಂದ ಬ್ಯಾಂಕಿನ ಪರೀಕ್ಷೆ, ಬ್ಯಾಂಕಿನಿಂದ ಹೈದರಾಬಾದು. ತಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೋಲು ಹಿಡಿದ.

ಅಪ್ಪ ಮಾಂಸ ತಿನ್ನುತ್ತಿದ್ದ. ಆದರೆ ತನ್ನ ಹಿಂಡಿನದನ್ನು ಕಡಿದ ದಿನ ಮಾತ್ರ ರೊಟ್ಟಿಗೆ ಖಾರ ಹಚ್ಚಿಕೊಂಡು ಉಣ್ಣುತ್ತಿದ್ದ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಕುರಿಯ ಮೇಲಿನ ಪ್ರೀತಿಯೂ ಇತ್ತು, ಕುರಿಯ ಮಾರಾಟವೂ ಇತ್ತು. ಎರಡೂ ಒಂದೇ ಹಟ್ಟಿಯಲ್ಲಿ ಜಗಳವಿಲ್ಲದೆ ಇದ್ದವು.

ಹಿಂಡು ಮಾರಲು ತಮ್ಮನಿಗೆ ಕಾರಣಗಳಿದ್ದವು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಫೀಸು ಕಟ್ಟಬೇಕಿತ್ತು. ಮೊಣಕಾಲು ನೋವು. ಜೊತೆಗೆ ಬರುವ ಹುಡುಗರಿಲ್ಲ. ಮೊದಲು ಮೇಯಿಸುತ್ತಿದ್ದ ಕಡೆ ಬೇಲಿ ಬಿದ್ದಿತ್ತು. ಕಾಲುವೆ ನೀರು ಬಂದ ಹೊಲಗಳಲ್ಲಿ ಒಂದು ಬೆಳೆ ತೆಗೆದ ಕೂಡಲೇ ಇನ್ನೊಂದು ಬಿತ್ತುತ್ತಿದ್ದರು.

ಸೋಮವಾರ ಬೆಳಗಿನ ಜಾವ ಅಣ್ಣ ಜಿಯಾಗುಡಕ್ಕೆ ಹೋದ. ಮೂಸಿ ನದಿಯ ದಂಡೆಯ ಈ ಕುರಿ ಮಾರುಕಟ್ಟೆ ಹೈದರಾಬಾದಿನಲ್ಲಿ ದೊಡ್ಡದು. ಅಷ್ಟು ವರ್ಷ ಅದೇ ಊರಿನಲ್ಲಿದ್ದರೂ ಅಲ್ಲಿ ಕಾಲಿಟ್ಟಿರಲಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಕುರಿಗಳು ಸುಮಾರು 7 ಕೋಟಿ 43 ಲಕ್ಷ. ತೆಲಂಗಾಣವೇ ಮೊದಲು, ಸುಮಾರು 1 ಕೋಟಿ 91 ಲಕ್ಷ; ಆಮೇಲೆ ಆಂಧ್ರ, ಮೂರನೆಯದು ಕರ್ನಾಟಕ, ಸುಮಾರು 1 ಕೋಟಿ 11 ಲಕ್ಷ. 2017ರಲ್ಲಿ ತೆಲಂಗಾಣ ಸರ್ಕಾರ ಗೊಲ್ಲ, ಕುರುಮ ಕುಟುಂಬಗಳಿಗೆ ಸಬ್ಸಿಡಿಯಲ್ಲಿ ತಲಾ 20 ಕುರಿ, ಒಂದು ಟಗರು ಕೊಡಲು ಶುರು ಮಾಡಿದಾಗ ಕರ್ನಾಟಕದಿಂದಲೂ ಗಾಡಿಗಟ್ಟಲೆ ಕುರಿಗಳು ಹೋದವು. ಗಡಿ ದಾಟುವುದು ಕುರಿಗೆ ಹೊಸದಲ್ಲ.

ಅಲ್ಲಿ ಅಣ್ಣ ಕಂಡದ್ದರಲ್ಲಿ ಭಯಂಕರವಾದದ್ದು ಏನೂ ಇರಲಿಲ್ಲ. ಬಾಲದ ಬುಡದ ಮೇಲೆ ಕೈಯಿಟ್ಟು ಕೊಬ್ಬು ನೋಡುವವರು, ಬಾಯಿ ತೆರೆಸಿ ಹಲ್ಲು ಎಣಿಸುವವರು, ಮೈಮೇಲೆ ಬಣ್ಣದ ಗುರುತು ಹಾಕುವವರು. ಅಪ್ಪನೂ ಸಂತೆಯಲ್ಲಿ ಇದನ್ನೇ ಮಾಡುತ್ತಿದ್ದ. ಒಂದೇ ಹಿಂಡಿನಿಂದ ಬಂದ ಕುರಿಗಳು ಆ ಗದ್ದಲದಲ್ಲೂ ಒಂದಕ್ಕೊಂದು ಒತ್ತಿ ನಿಂತಿದ್ದವು. ಬೇರೆ ಗುಂಪಿನ ಕುರಿ ನಡುವೆ ಬಂದರೆ ಸರಿದು, ಮತ್ತೆ ತಮ್ಮವನ್ನು ಹುಡುಕಿ ಸೇರಿಕೊಳ್ಳುತ್ತಿದ್ದವು. ಅದನ್ನು ನೋಡುತ್ತ ಅವನು ಬಹಳ ಹೊತ್ತು ನಿಂತ.

ಕುರಿಗೆ ಮುಖದ ನೆನಪು ಇರುತ್ತದೆ ಎಂಬುದು ಕುರುಬರಿಗೆ ಹೊಸ ಸುದ್ದಿಯಲ್ಲ. 2001ರಲ್ಲಿ ಇಂಗ್ಲೆಂಡಿನ ಬೇಬ್ರಹಾಂ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕುರಿಗಳು ಬೇರೆ ಐವತ್ತು ಕುರಿಗಳ ಮುಖವನ್ನು ಗುರುತು ಹಿಡಿಯಬಲ್ಲವು, ಎರಡು ವರ್ಷ ಕಳೆದರೂ ನೆನಪಿಟ್ಟುಕೊಳ್ಳಬಲ್ಲವು. 2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಇನ್ನೊಂದನ್ನು ತೋರಿಸಿದರು: ತಮ್ಮನ್ನು ದಿನವೂ ನೋಡಿಕೊಳ್ಳುವವರ ಫೋಟೊವನ್ನು ಕುರಿಗಳು ಮೊದಲೇ ಕಲಿಸದಿದ್ದರೂ ಗುರುತಿಸಿದವು. ಅಣ್ಣ ಇದನ್ನೆಲ್ಲ ಆ ರಾತ್ರಿ ಫೋನಿನಲ್ಲಿ ಓದಿದ. ಕಾನೂನನ್ನೂ ಹುಡುಕಿದ. 1978ರ ಸಾಗಾಟ ನಿಯಮಗಳ ಪ್ರಕಾರ ಗಾಡಿಯಲ್ಲಿ ಕುರಿಗಳ ಕಾಲು ಕಟ್ಟುವಂತಿಲ್ಲ, ಮಲಗಿದರೆ ಗಾಯವಾಗದಂತೆ ಕನಿಷ್ಠ 5 ಸೆಂಟಿಮೀಟರ್ ದಪ್ಪ ಹುಲ್ಲು ಹಾಸಬೇಕು. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬದ ಕುರಿಯನ್ನು, ಮೂರು ತಿಂಗಳಾಗದ ಮರಿಯನ್ನು ಕಡಿಯುವಂತಿಲ್ಲ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯುವಂತಿಲ್ಲ. ಓದಿ ಮುಗಿಸಿದಾಗ ಅವನಿಗೆ ತಿಳಿದದ್ದು ಇಷ್ಟು: ಕಾನೂನು ಕುರಿಯನ್ನು ಸಾವಿನ ಬಾಗಿಲವರೆಗೆ ಕಾಯುತ್ತದೆ, ಸಾವಿನಿಂದ ಕಾಯುವುದಿಲ್ಲ. ಅದನ್ನು ಮಾಡಬೇಕಾದವರು ಬೇರೆ ಯಾರೋ.

ಅವರ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ರಾಜಸ್ಥಾನದ ಜೈನ ಕುಟುಂಬವೊಂದಿದೆ. ತಮ್ಮ ಕಡೆ ಹೋತವನ್ನು ಕೊಂಡು, ಕಿವಿಗೆ ಕಡಕು ಹಾಕಿ ‘ಅಮರ’ ಎಂದು ಬಿಡುತ್ತಾರೆ, ಆಮೇಲೆ ಅದನ್ನು ಯಾರೂ ಕಡಿಯುವುದಿಲ್ಲ ಎಂದು ಆ ಮನೆಯ ಅಜ್ಜಿ ಹಿಂದೊಮ್ಮೆ ಹೇಳಿದ್ದರು. ಅಣ್ಣನಿಗೆ ಅದು ನೆನಪಾಯಿತು. ಕಾಲೇಜಿನಲ್ಲಿ ಓದಿದ್ದ ಜನ್ನನ ‘ಯಶೋಧರ ಚರಿತೆ’ಯೂ ನೆನಪಾಯಿತು. 1209ರಲ್ಲಿ ಬರೆದ ಆ ಕಾವ್ಯದಲ್ಲಿ ಅರಸು ಬಲಿ ಕೊಡುವುದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿ ಅವನೂ ಅವನ ತಾಯಿಯೂ ಪ್ರಾಣಿಗಳಾಗಿ ಜನ್ಮಜನ್ಮ ತೊಳಲುತ್ತಾರೆ. ಬರೀ ಮನಸ್ಸಿನ ಹಿಂಸೆಗೆ ಅಷ್ಟು ತೂಕ ಇರುವುದಾದರೆ ಮನಸ್ಸಿನ ದಯೆಗೂ ತೂಕ ಇರಲೇಬೇಕು ಎಂದು ಅಣ್ಣನಿಗೆ ಅನ್ನಿಸಿತು. ಸಮಾಧಾನವೂ ಆಯಿತು. ಮಂಗಳವಾರ ರಾತ್ರಿಯ ಬಸ್ಸು ಹತ್ತಿದ.

ಹಟ್ಟಿಯಲ್ಲಿ ಗಾಡಿ ಇನ್ನೂ ಬಂದಿರಲಿಲ್ಲ. ಹಿಂಡಿನಲ್ಲಿ ಕೂದಲಿನ ಕೆಂಗುರಿಗಳೇ ಹೆಚ್ಚಾಗಿದ್ದವು. ಅಪ್ಪನ ಕಾಲದ ಕರಿ ಉಣ್ಣೆಯ ಜವಾರಿ ಕುರಿಗಳು ಹನ್ನೊಂದು ಮಾತ್ರ ಉಳಿದಿದ್ದವು, ಎಲ್ಲವೂ ಮುದಿ. ಈಯುವ ಕಾಲ ಮುಗಿದಿದ್ದರಿಂದ ವ್ಯಾಪಾರಿ ಅವಕ್ಕೆ ಕಡಿಮೆ ಬೆಲೆ ಕಟ್ಟಿದ್ದ.

ಜವಾರಿ ಕುರಿ ಕಡಿಮೆಯಾದದ್ದಕ್ಕೆ ದೊಡ್ಡ ಕಥೆ ಬೇಡ. ಮೊದಲು ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಿದ್ದರು. ಮನೆಯ ಹೆಂಗಸರು ನೂಲುತ್ತಿದ್ದರು. ಹಾಸನ್ನು ಹುಣಸೆಬೀಜದ ಗಂಜಿಯಿಂದ ಗಟ್ಟಿ ಮಾಡಿ ಕುಣಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಪೂಜೆಗೆ ಗದ್ದುಗೆ, ಎಲ್ಲಕ್ಕೂ ಅದೇ ಕಂಬಳಿ. ಗಂಡುಮರಿಗಳು ಆಗಲೂ ಸಂತೆಗೆ ಹೋಗುತ್ತಿದ್ದವು, ಅದೇನೂ ಸುವರ್ಣಯುಗವಲ್ಲ. ಆದರೆ ಬದುಕಿರುವ ಕುರಿಗೆ ಒಂದು ಬೆಲೆ ಇತ್ತು. ಮರಿ ಹಾಕದ ಮುದಿಕುರಿಯೂ ಉಣ್ಣೆ ಕೊಡುತ್ತಿತ್ತು, ಹೊಲಕ್ಕೆ ಹಿಕ್ಕೆ ಹಾಕುತ್ತಿತ್ತು. ಆಮೇಲೆ ಪಾಣಿಪತದ ಅಗ್ಗದ ಬ್ಲಾಂಕೆಟ್ ಬಂತು, ಪ್ಲಾಸ್ಟಿಕ್ ಹಾಳೆ ಬಂತು, ಹೊಲಕ್ಕೆ ಯೂರಿಯಾ ಬಂತು. ಉಣ್ಣೆ ಮಾರಿ ಬಂದ ದುಡ್ಡು ಕತ್ತರಿಸಿದವರ ಕೂಲಿಗೂ ಸಾಲದಾಯಿತು. ಕುರಿಗೆ ಬದುಕಿರಲು ಇದ್ದ ಕಾರಣಗಳು ಒಂದೊಂದಾಗಿ ಹೋಗಿ, ಕೊನೆಗೆ ಉಳಿದದ್ದು ತೂಕ ಒಂದೇ. ಅಣ್ಣನ ಮನೆಯಲ್ಲೂ ಕಂಬಳಿ ಇಲ್ಲ. ಇರುವುದೆಲ್ಲ ಮಾಲ್‌ನಲ್ಲಿ ಕೊಂಡ ಬ್ಲಾಂಕೆಟ್ಟುಗಳು.

‘ಈ ಹನ್ನೊಂದನ್ನ ನಾ ತಗೋತೀನಿ. ವ್ಯಾಪಾರಿ ಏನ್ ಕೊಡ್ತಾನೋ ಅದ್ನ ನಾ ಕೊಡ್ತೀನಿ’ ಎಂದ ಅಣ್ಣ.

‘ತಗೊಂಡು?’

‘ಇಲ್ಲೇ ಇರ್ಲಿ. ಸಾಯೂತನ.’

ತಮ್ಮ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ‘ರೊಕ್ಕ ನೀ ಕೊಡ್ತಿ, ಖರೆ. ಮೇಸಾವ್ರು ಯಾರು ಅಣ್ಣಾ? ಹಿಂಡು ಕೊಡಾಕ ಹತ್ತೀನಿ ಅಂದ್ರ ಮೊಣಕಾಲು ಕೂಡಂಗಿಲ್ಲ ಅಂತ. ಅರವತ್ತಕ್ಕೂ ದಿನಾ ಹೊರಗ ಹೋಗ್ಬೇಕು, ಹನ್ನೊಂದಕ್ಕೂ ದಿನಾ ಹೊರಗ ಹೋಗ್ಬೇಕು.’

ಅಣ್ಣ ಸುತ್ತಲಿನ ಎರಡು ಗೋಶಾಲೆಗಳಿಗೆ ಫೋನ್ ಮಾಡಿದ. ಒಂದರಲ್ಲಿ ಆಕಳು ಬಿಟ್ಟು ಬೇರೆ ತಗೊಳ್ಳುವುದಿಲ್ಲ ಎಂದರು. ಇನ್ನೊಂದರಲ್ಲಿ, ಕುರಿಯೇ ಎಂದು ಎರಡು ಸಲ ಕೇಳಿ ಫೋನ್ ಇಟ್ಟರು.

ಅವ್ವ ಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. ‘ಯಪ್ಪಾ, ನಿನ್ನ ಮನಸು ಚಲೋ ಐತಿ’ ಎಂದಳು. ‘ಮಳಿಗಾಲದಾಗ ಅವುಗಳ ಗೊರಸು ಕೊಳೀತಾವ. ಆವಾಗ ಕೆಸರಾಗ ಕುಂತು ಕಾಲು ತೊಳಿಯಾವ್ರು ಇವ್ರು, ನೀ ಅಲ್ಲ. ಪುಣ್ಯ ನಿನ್ನ ಪಾಲಿಗೆ, ಕೆಸರು ಇವನ ಪಾಲಿಗೆ?’

ಬಸ್ಸಿನಲ್ಲಿ ಬರುವಾಗ ಇದ್ದ ಸಮಾಧಾನ ಅಲ್ಲಿಗೆ ಮುಗಿಯಿತು. ಮನಸ್ಸಿನಲ್ಲೇ ಮಾಡಿದ ಹಿಂಸೆ ಹಿಂಸೆಯಾಗಬಹುದು. ಮನಸ್ಸಿನಲ್ಲೇ ಮಾಡಿದ ದಯೆಗೆ ಹುಲ್ಲು ಬೇಕು, ನೀರು ಬೇಕು, ಮಳೆಯಲ್ಲಿ ಎದ್ದು ಹೋಗುವ ಒಬ್ಬ ಮನುಷ್ಯ ಬೇಕು. ಕಡಿಯಲು ಒಂದು ನಿಮಿಷ ಸಾಕು. ಉಳಿಸಲು ಆ ಕುರಿಯ ಉಳಿದ ಆಯುಷ್ಯವೆಲ್ಲ ಬೇಕು. ಅಷ್ಟು ದಿನದ ಕೆಲಸವನ್ನು ಅಣ್ಣ ಇನ್ನೊಬ್ಬನ ಮೊಣಕಾಲಿನ ಮೇಲೆ ಹೊರಿಸಲು ಬಂದಿದ್ದ. ಮೊದಲ ಸಲವೂ ಅಲ್ಲ. ಅವನು ಹಾಸ್ಟೆಲಿಗೆ ಹೋದ ವರ್ಷದಿಂದ ಹಿಂಡಿನ ಹಿಂದೆ ನಡೆದದ್ದು ತಮ್ಮನೇ.

ಕೊನೆಗೆ ಲೆಕ್ಕ ಹಾಕಿ ಮಾತಾಡಿದರು. ಹನ್ನೊಂದು ಆಗುವುದಿಲ್ಲ, ನಾಲ್ಕಾದರೆ ತಮ್ಮನ ಹೆಂಡತಿ ಎರಡು ಎಮ್ಮೆಗಳ ಜೊತೆ ಹೊಲದ ಬದುವಿನಲ್ಲಿ ಮೇಯಿಸಬಹುದು. ನಾಲ್ಕರ ಬೆಲೆ ಇಪ್ಪತ್ತಾರು ಸಾವಿರ. ಆಮೇಲೆ ತಿಂಗಳಿಗಿಷ್ಟು ಎಂದು ಅವಳ ಖಾತೆಗೆ ರೊಕ್ಕ ಬರಬೇಕು. ಅದು ದಾನವಲ್ಲ, ಕೂಲಿ. ಕೂಲಿ ಎಂಬ ಮಾತು ಅವಳದೇ. ಯಾವ ನಾಲ್ಕು ಎಂದು ಆರಿಸಲು ಅಣ್ಣನಿಗೆ ಹೇಳಿದರು. ಅವನು ಆಗುವುದಿಲ್ಲ ಎಂದ. ತಮ್ಮ ಹೋಗಿ ಒಂದೊಂದರ ಕಿವಿ ಹಿಡಿದು ಹೊರಗೆ ತಂದ. ಮಧ್ಯಾಹ್ನ ಗಾಡಿ ಬಂತು. ಉಳಿದ ಏಳು ಮುದಿಕುರಿಗಳು ಹಲಗೆ ಹತ್ತುವಾಗ ನಾಲ್ಕೂ ಬೇಲಿಯ ಈಚೆಯಿಂದ ಕೂಗಿದವು. ಉಳಿದುಕೊಂಡವು ಎಂಬುದು ಅವಕ್ಕೆ ಗೊತ್ತಿರಲಿಲ್ಲ. ಹಿಂಡು ಹೋಗುತ್ತಿದೆ ಎಂಬುದಷ್ಟೇ ಗೊತ್ತಿತ್ತು. ಸಂಜೆಯವರೆಗೂ ಅವು ಹುಲ್ಲು ಮುಟ್ಟಲಿಲ್ಲ.

ಆಮೇಲೆ ನಡೆದದ್ದರಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ತಮ್ಮನ ಮಗಳು ಕಾಲೇಜು ಸೇರಿದಳು. ಆ ಮಳೆಗಾಲದಲ್ಲೇ ನಾಲ್ಕರಲ್ಲಿ ಒಂದು ನೀಲಿನಾಲಿಗೆ ರೋಗ ಬಂದು ಸತ್ತಿತು. ಬಾಯಿ ಬಾತು ಮೇವು ತಿನ್ನದಾದಾಗ ತಮ್ಮನ ಹೆಂಡತಿ ನಾಲ್ಕು ರಾತ್ರಿ ಗಂಜಿ ಕುಡಿಸಿದ್ದಳು. ಉಳಿದ ಮೂರರ ಉಣ್ಣೆ ಕತ್ತರಿಸಿದಾಗ ಒಂದು ಕಂಬಳಿಗೆ ಸಾಲಲಿಲ್ಲ. ಬೇರೆ ಹಿಂಡಿನ ಉಣ್ಣೆ ಸೇರಿಸಿ ನೇಯಿಸಿದರು. ಆ ಕಂಬಳಿ ಈಗ ಹೈದರಾಬಾದಿನಲ್ಲಿದೆ. ಚುಚ್ಚುತ್ತದೆ ಎಂದು ಮಗ ಹೊದೆಯುವುದಿಲ್ಲ.

ಅಣ್ಣ ಮಟನ್ ಬಿಟ್ಟಿದ್ದಾನೆ. ಮನೆಯಲ್ಲಿ ಹೆಂಡತಿ, ಮಗ ಬಿಟ್ಟಿಲ್ಲ. ಅವನು ಬಿಡಿ ಎಂದು ಹೇಳಿಯೂ ಇಲ್ಲ. ಮದುವೆ ಮನೆಗಳಲ್ಲಿ ಯಾಕೆ ಎಂದು ಕೇಳಿದರೆ ಬಿಪಿ ಎನ್ನುತ್ತಾನೆ. ಮೂರು ಕುರಿಯ ಕಥೆ ಹೇಳಲು ಹೊರಟರೆ ಐವತ್ತೆಂಟರ ಕಥೆಯನ್ನೂ ಹೇಳಬೇಕಾಗುತ್ತದೆ.

ಮರುವರ್ಷ ಜೂನ್‌ನಲ್ಲಿ ತಮ್ಮನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಯಿತು. ತಮ್ಮ ಆಸ್ಪತ್ರೆಯಲ್ಲಿ ಇರಬೇಕಾಯಿತು. ಅಣ್ಣ ಹತ್ತು ದಿನ ರಜೆ ಹಾಕಿ ಊರಿಗೆ ಬಂದ. ಬ್ಯಾಂಕಿನಲ್ಲಿ ಕಾರಣ ಕೇಳಿದಾಗ ಮನೆಯ ಕೆಲಸ ಎಂದು ಬರೆದುಕೊಟ್ಟ. ಮೂವತ್ತೈದು ವರ್ಷಗಳ ಮೇಲೆ ಕೋಲು ಹಿಡಿದು ಮೂರು ಕುರಿ, ಎರಡು ಎಮ್ಮೆ ಹೊಡೆದುಕೊಂಡು ಹೊರಟ. ಎಮ್ಮೆಗಳು ಮಾತು ಕೇಳಿದವು. ಕುರಿಗಳು ಕೇಳಲಿಲ್ಲ. ಮೊದಲ ಸಂಜೆ ಅವು ಹೊಲದಿಂದ ಏಳಲೇ ಇಲ್ಲ. ಕತ್ತಲಾಗುತ್ತಿತ್ತು. ಅವನು ಆಸ್ಪತ್ರೆಗೆ ಫೋನ್ ಮಾಡಿದ. ತಮ್ಮ ವಾರ್ಡಿನಿಂದ ಹೊರಗೆ ಬಂದು, ದಿನವೂ ಕುರಿ ಕರೆಯುವ ಕೂಗನ್ನು ವಾಟ್ಸಾಪಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ.

ಅಣ್ಣ ಫೋನನ್ನು ಮೇಲಕ್ಕೆ ಹಿಡಿದು ಅದನ್ನು ಹಾಕಿದ. ಮೂರೂ ತಲೆ ಎತ್ತಿದವು, ಎದ್ದು ಬಂದವು. ಹತ್ತಿರ ಬಂದು ಅವನ ಮುಖ ನೋಡಿದವು. ಆಮೇಲೆ ಅವನ ಹಿಂದೆ, ದಾರಿಯ ಕಡೆ ನೋಡುತ್ತ ನಿಂತವು. ಆ ಮುಖ ಅಲ್ಲಿರಲಿಲ್ಲ. ಅಣ್ಣ ಇನ್ನೊಮ್ಮೆ ಕೂಗು ಹಾಕಿ, ಅವುಗಳ ಮುಂದೆ ಮುಂದೆ ಮನೆಯ ಕಡೆ ನಡೆದ.