ನಮ್ಮ ಮರೀನಾ, ಮಗಳ ಆಕ್ಟೇವಿಯಾ

ಹೋದ ಐತಾರ ಸಂಜಿಮುಂದ ರೊಟ್ಟಿ ಬಡಿಯಾಕತ್ತಿದ್ನಿ, ಅಷ್ಟರಾಗ ಜರ್ಮನಿಯಿಂದ ಮಗಳ ವಿಡಿಯೋ ಕಾಲ್ ಬಂತು. ಕೈ ಹಿಟ್ಟಾಗಿತ್ತು. ಫೋನ್ ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟು ನೋಡಿದ್ನಿ. ಮಗಳೂ ಕಾಣವಲ್ಲಳು, ಕೂಸೂ ಕಾಣವಲ್ಲದು, ಬರೇ ಒಂದು ನೀಲಿ ಬಣ್ಣದ ಉದ್ದನ ಗಾಡಿ. "ಅವ್ವಾ, ಗಾಡಿ ತಗೊಂಡೀವಿ. ನಮ್ಮ ಮರೀನಾದಂಗ ಅದ ನೋಡು, ಹಿಂದ ಉದ್ದ ಡಿಕ್ಕಿ. ಟರ್ಬೋನೂ ಅದ" ಅಂದ್ಲು.

ಬಾಜೂ ಮನಿ ವೈನಿ ಆವಾಗ ಮೊಸರಿಗೆ ಹೆಪ್ಪು ಕೇಳಾಕ ಬಂದಿದ್ರು. ಅವರು ನೋಡಿದ ಮ್ಯಾಲ ಓಣಿಗೆಲ್ಲಾ ಸುದ್ದಿ ಆತು. ಸೊಲ್ಲಾಪುರ ರಸ್ತೆದಾಗ ಕಾಯಿಪಲ್ಯಾ ತರಾಕ ಹೋದ್ರೂ ಅದ ಕೇಳತಾರ, ಟಿಕೋಟಾದಿಂದ ತಂಗಿ ಫೋನ್ ಮಾಡಿದ್ರೂ ಅದ ಕೇಳತಾಳ, "ಎಂಥಾ ಗಾಡಿ ಅಂತ? ಎಷ್ಟು ಓಡ್ತದಂತ?" ಒಬ್ಬೊಬ್ರಿಗೆ ಹೇಳೂದಕ್ಕಿಂತ ಇಲ್ಲೇ ಬರದ ಬಿಡ್ತೀನಿ. ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆದ್ರ ಟರ್ಬೋ ಗಾಡಿ ಜೋಡಿ ಇಪ್ಪತ್ತು ವರ್ಷ ಸಂಸಾರ ಮಾಡೀನಿ.

ಮಗಳು-ಅಳಿಯಂದಿರು ತಗೊಂಡಿದ್ದು ಸ್ಕೋಡಾ ಆಕ್ಟೇವಿಯಾ ಕಾಂಬಿ ಆರ್‌ಎಸ್. ಒಬ್ರು ಓಡಿಸಿ ಮಾರಿದ್ದು, ಹೊಸಾದಲ್ಲ. ಕಾಂಬಿ ಅಂದ್ರ ಸ್ಟೇಷನ್ ವ್ಯಾಗನ್, ಚಾವಣಿ ಹಿಂದಿನ ತನಕ ಸಪಾಟ ಹೋಗಿ ಡಿಕ್ಕಿ ಮ್ಯಾಲೂ ಬರ್ತದ. ಆರ್‌ಎಸ್ ಅಂದ್ರ ಜೋರ್ ಓಡೂ ನಮೂನಿ. 2 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೋ, 245 ಕುದುರಿ ಶಕ್ತಿ. ನಿಂತಲ್ಲಿಂದ ಏಳು ಸೆಕೆಂಡಿನೊಳಗ ನೂರು ಕಿಲೋಮೀಟರ್ ಸ್ಪೀಡ್ ಮುಟ್ತದ. ಗಂಟೆಕ್ಕ 250ರ ತನಕ ಹೋಗ್ತದ, ಮುಂದ ಕಂಪನಿಯವರ ತಡದಿರ್ತಾರ. ಡಿಕ್ಕಿ 640 ಲೀಟರ್. ಅಳಿಯಂದಿರು ಇದನ್ನೆಲ್ಲಾ ಹೇಳೂ ಮುಂದ ಅವರ ಮಾರಿ ನೋಡಬೇಕಿತ್ರಿ, ಬನಶಂಕರಿ ಜಾತ್ರಿಯಾಗ ಪೀಪಿ ಸಿಕ್ಕ ಹುಡುಗನ ಮಾರಿ! ನಮ್ಮ ದೇಶಕ್ಕ ಇದರ ಅಣ್ಣ-ತಮ್ಮ, ಉದ್ದ ಡಿಕ್ಕಿ ಇಲ್ಲದ್ದು, 2020ರಾಗ ಬರೇ 200 ಗಾಡಿ ಬಂದಿದ್ವಂತ.

ಇನ್ನ ನಮ್ಮದು. ಟಾಟಾ ಇಂಡಿಗೋ ಮರೀನಾ, 2004ರಾಗ ಮಾರ್ಕೆಟ್‌ಗೆ ಬಂತು, ನಾವು 2005ರಾಗ ತಗೊಂಡ್ವಿ. ಡೀಸೆಲ್, 1405 ಸಿಸಿ, ಟರ್ಬೋ ಹಚ್ಚಿ 62 ಕುದುರಿ. ಮಗಳ ಗಾಡೀದು ನಮ್ಮದರ ನಾಕ್ಪಟ್ಟು ಅಂತ ತಿಳ್ಕೋರಿ. ಅವರ ಗಾಡಿ ನೂರು ಮುಟ್ಟೂದ್ರಾಗ ಒಮ್ಮೆ ಸೀನಬಹುದು. ನಮ್ಮ ಗಾಡಿ ನೂರು ಮುಟ್ಟೂದ್ರಾಗ ಎಲಿಗೆ ಸುಣ್ಣ ಹಚ್ಚಿ, ಅಡಿಕಿ ಇಟ್ಟು, ಬಾಯಾಗ ಹಾಕ್ಕೋಬಹುದು.

ಗಾಡಿ ಮನಿಗೆ ಬಂದ ದಿನ ನಮ್ಮ ಅತ್ತಿಯವರು ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಹಿಂದ ಹೋಗಿ ನೋಡಿ, "ಇದೇನವಾ, ಹೆಣಾ ಒಯ್ಯೂ ಗಾಡಿಯಂಗ ಕಾಣತದ" ಅಂದ್ರು. ನನಗ ಅಳೂ ಬಂತು. ನಮ್ಮ ಮಂದಿ ಇಂಥಾ ಗಾಡಿ ಅಷ್ಟಾಗಿ ತಗೊಳ್ಳಿಲ್ಲ, ಅದಕ್ಕ ಈಗ ಮಾಡೂದ ಬಿಟ್ಟಾರ. ಆದ್ರ ಅದ ಅತ್ತಿಯವರು ಮುಂದ ಟಿಕೋಟಾದಿಂದ ಮಣೂಕ, ಬಬಲೇಶ್ವರದಿಂದ ಜ್ವಾಳದ ಚೀಲ, ಲಗ್ನದ ಬುಂದೆ ಡಬ್ಬಿ, ಸಸಿ, ಒಮ್ಮೆ ಒಂದು ಆಕಳ ಕರಾನೂ ಅದರಾಗ ಹಾಕಿಸಿದ್ರು.

ಟರ್ಬೋ ಅಂದ್ರೇನು ಅಂತ ಎಲ್ಲಾರೂ ಕೇಳತೀರಿ. ನಮಗ ನಮ್ಮ ಮೆಕ್ಯಾನಿಕ್ ಕಾಕಾ ಹೇಳಿಕೊಟ್ಟಿದ್ದು. "ತಂಗೀ, ಒಲಿ ಮುಂದ ಕುಂತು ಊದುಗೊಳವಿ ಊದಿಯಲ್ಲ, ಇದೂ ಅಷ್ಟ. ಕಟಗಿ ಅಷ್ಟ ಇದ್ರೂ ಗಾಳಿ ಊದಿದ್ರ ಉರಿ ಜೋರ್ ಆಗ್ತದ" ಅಂದ್ರು. ಎಂಜಿನ್‌ನಾಗ ಎಣ್ಣಿ ಉರೀಬೇಕಂದ್ರ ಗಾಳಿ ಬೇಕು. ಸಣ್ಣ ಎಂಜಿನ್ ತಾನ ಎಳಕೊಳ್ಳೂ ಗಾಳಿ ಸಣ್ಣದ. ಟರ್ಬೋದಾಗ ಒಂದ ಸಳಿಗೆ ಎರಡು ಸಣ್ಣ ಚಕ್ರ ಇರ್ತಾವ. ಎಂಜಿನ್‌ನಿಂದ ಹೊರಗ ಹೋಗೂ ಬಿಸಿ ಹೊಗಿ ಒಂದು ಚಕ್ರ ತಿರುಗಸ್ತದ, ಅದರ ಜೋಡಿ ತಿರುಗೂ ಇನ್ನೊಂದು ಚಕ್ರ ಹೊಸಾ ಗಾಳಿನ ಒಳಗ ದಬ್ಬತದ. ನಮ್ಮ ಊದುಗೊಳವಿಗೆ ನಮ್ಮ ಉಸಿರು ಬೇಕು, ಇದಕ್ಕ ಚೆಲ್ಲೂ ಹೊಗೀನ ಸಾಕು. ಅನ್ನದ ಗಂಜಿ ಚೆಲ್ಲದ ಸೀರಿಗೆ ಹಾಕಿದಂಗ. ಟರ್ಬೋ ಇಲ್ಲದ ಅಷ್ಟ ದೊಡ್ಡ ಎಂಜಿನ್ ಇಂಡಿಕಾದಾಗ ಇತ್ತು, ಅದರ ಶಕ್ತಿ ಸುಮಾರು 53 ಕುದುರಿ. ಊದುಗೊಳವಿ ಊದಿ ಗಳಿಸಿದ್ದು ಒಂಬತ್ತು.

ಒಂದು ಅವಗುಣನೂ ಅದ. ಒಲಿಗೆ ಊದಿದ ಕೂಡ್ಲೆ ಉರಿ ಏಳೂದಿಲ್ಲ. ಹಂಗ ಆಕ್ಸಿಲರೇಟರ್ ಒತ್ತಿದ ಮ್ಯಾಲ ಒಂದು ಗಳಿಗಿ ಗಾಡಿ ಸುಮ್ನಿರ್ತದ, ಆಮ್ಯಾಲ ಒಮ್ಮೆಲೆ ದಬ್ಬತದ. ಟ್ರಕ್ ಹಿಂದ ಹಾಕೂ ಮುಂದ ಇದು ನೆನಪಿರಬೇಕು. ಈಗಿನ ಗಾಡ್ಯಾಗ ಈ ತಡ ಕಡಿಮಿ ಆಗ್ಯಾದ.

ಇನ್ನೊಂದು, ನಾವು ರೊಕ್ಕಾ ಕೊಟ್ಟು ಕಲ್ತಿದ್ದು. ಟರ್ಬೋ ಚಕ್ರ ನಿಮಿಷಕ್ಕ ಲಕ್ಷ ಸುತ್ತಿನ ಮ್ಯಾಲ ತಿರುಗತಾವ, ಆಯಿಲ್ ಮ್ಯಾಲ ತೇಲಿಕೋತ. ಜೋರ್ ಓಡಿಸಿ ಬಂದು ಖಡಕ್ಕಂತ ಬಂದ್ ಮಾಡಿದ್ರ ಆಯಿಲ್ ಹರಿಯೂದು ನಿಲ್ತದ, ಬಿಸಿ ಅಲ್ಲೇ ಉಳೀತದ. ಕಾದ ಬುಟ್ಟ್ಯಾಗ ಉಳದ ಎಣ್ಣಿ ಹೆಂಗ ಕರ್ರಗ ಅಂಟಕೋತದ, ಹಂಗ ಆಯಿಲ್ ಸುಟ್ಟು ಹತ್ತತದ. ನಮ್ಮವರು ಸೊಲ್ಲಾಪುರದಿಂದ ಬಂದವರ ಚಾವಿ ತಿರುವಿ ಇಳೀತಿದ್ರು, ಆಯಿಲ್ ಬದಲಿ ಮಾಡ್ಸಾಕೂ "ಮುಂದಿನ ತಿಂಗಳ" ಅಂತಿದ್ರು. 2013ರಾಗ ಟರ್ಬೋ ಹೋತು. ತಪ್ಪು ಗಾಡೀದಲ್ಲ, ನಮ್ದ. ಅವತ್ತಿನಿಂದ ಬಾಗಲಕ್ಕ ಬಂದ ಮ್ಯಾಲ ಒಂದು ನಿಮಿಷ ಸಣ್ಣಗ ಚಾಲೂ ಇಟ್ಟು ಆಮ್ಯಾಲ ಬಂದ್ ಮಾಡತಾರ. ಆ ಒಂದು ನಿಮಿಷದಾಗ ನಾ ಚಾಕ್ಕ ಇಡ್ತೀನಿ.

ಆದ್ರ ಆ ಗಾಡಿ ಮ್ಯಾಲ ನನ್ನ ಜೀವ ಯಾಕ ಅಂದ್ರ, ಅಪ್ಪನ ಸಲುವಾಗಿ. 2011ರಾಗ ಟಿಕೋಟಾದ ಹೊಲದಾಗ ದ್ರಾಕ್ಷಿ ಹಂದರದ ತಂತಿ ಬಿಗಿಯೂ ಮುಂದ ಅಪ್ಪ ಬಿದ್ದ, ತೊಡಿ ಎಲುಬು ಮುರೀತು. ಕುಂದ್ರಾಕ ಬರವಲ್ಲದು. ನಾವು ಅವತ್ತು ಅಲ್ಲೇ ಇದ್ವಿ. ಹಿಂದಿನ ಸೀಟ್ ಮಡಚಿ, ಎರಡು ಕೌದಿ ಹಾಸಿ, ಕಾಲಿಗೆ ಕಟಗಿ ಕಟ್ಟಿ ಸಪಾಟ ಮಲಗಿಸಿದ್ವಿ. ನಾ ಬಾಜೂಕ ಮುದುಡಿ ಕುಂತು ಕಾಲು ಹಿಡ್ಕೊಂಡಿದ್ನಿ. ಸೊಲ್ಲಾಪುರ ರಸ್ತೆ ಮ್ಯಾಲಿನ ಬಿಎಲ್‌ಡಿಇ ದವಾಖಾನಿ ತನಕ ಇಪ್ಪತ್ತು ಕಿಲೋಮೀಟರ್ ಮ್ಯಾಲ ಆಗ್ತದ. ತಮ್ಮ "ಜೋರ್ ಹೊಡೀರಿ ಮಾವಾ" ಅಂತ ಒದರತಿದ್ದ. ನಮ್ಮವರು ಮೂವತ್ತು-ನಲವತ್ತರ ಮ್ಯಾಲ ಹೋಗ್ಲಿಲ್ಲ. ತಗ್ಗು ಬಂದ್ರ ಅಪ್ಪ "ಯವ್ವಾ" ಅಂತಿದ್ದ, ಅದೊಂದ ಕೇಳಿಸಿಕೋತ ಓಡಿಸಿದ್ರು. ಅಪ್ಪ ಮುಂದ ಆರು ವರ್ಷ ಕೋಲು ಹಿಡ್ಕೊಂಡು ಹಂದರದಾಗ ಅಡ್ಡಾಡಿದ. ಅವತ್ತು ನಮಗ ಬೇಕಾಗಿದ್ದು ಕುದುರಿ ಅಲ್ಲ, ಅಪ್ಪ ಉದ್ದಕ ಮಲಗೂವಷ್ಟು ಜಾಗಾ.

ಈಗ ಹೇಳೂ ಮಾತು ಮಗಳು ಮರತಾಳ, ನಾ ಮರತಿಲ್ಲ. 2008ರಾಗ, ಆಕಿಗೆ ಹನ್ನೊಂದು ವರ್ಷ. ಟಿಕೋಟಾದಿಂದ ಮಣೂಕದ ಬಾಕ್ಸ್ ಹೇರಿಕೊಂಡು ಬರಾಕತ್ತಿದ್ವಿ. ಜಾಗಾ ಸಾಲಲಿಲ್ಲಂತ ಸೀಟಿನ ತಲಿಗಿಂತ ಎತ್ತರಕ ಒಂದರ ಮ್ಯಾಲೊಂದು ಪೇರಿಸಿದಾಕಿ ನಾನ. ನಮ್ಮವರು "ಹಗ್ಗಾ ಕಟ್ಟೋಣು" ಅಂದ್ರು. "ಇಲ್ಲೇ ಊರಿಗಿ, ಏನಾಗ್ತದ" ಅಂದಾಕೀನೂ ನಾನ. ದಾರ್ಯಾಗ ಎಮ್ಮಿ ಅಡ್ಡ ಬಂತು, ಬ್ರೇಕ್ ಒತ್ತಿದ್ರು. ಗಾಡಿ ನಿಂತು, ಬಾಕ್ಸ್ ನಿಲ್ಲಲಿಲ್ಲ. ಮ್ಯಾಲಿಂದು ಜಾರಿ ಬಂದು ಕೂಸಿನ ತಲಿಗೆ ಬಡೀತು, ಆಕಿ ಮುಂದಿನ ಸೀಟಿಗೆ ಬಡಕೊಂಡ್ಲು. ಹುಬ್ಬಿನ ಮ್ಯಾಲ ನಾಕು ಹೊಲಗಿ. ಲಗ್ನದ ಫೋಟೋದಾಗೂ ಆ ಗೆರಿ ಕಾಣತದ. ಫೋಟೋ ಒರಸೂ ಮುಂದ ಪ್ರತಿ ಸಲ ಕಣ್ಣು ಅಲ್ಲೇ ಹೋಗ್ತದ.

ಸ್ಟೇಷನ್ ವ್ಯಾಗನ್‌ದಾಗ ಸಾಮಾನಿಗೂ ಮಂದಿಗೂ ನಡುವ ಗ್ವಾಡಿ ಇಲ್ರಿ. ಅದಕ್ಕ ಹೇಳತೀನಿ, ಭಾರದ್ದು ಕೆಳಗ ಇಡ್ರಿ, ಸೀಟಿನ ಬೆನ್ನಿಗೆ ಹತ್ತಿ ಇಡ್ರಿ. ಸೀಟಿನ ತಲಿಗಿಂತ ಮ್ಯಾಲ ಏನೂ ಪೇರಿಸಬ್ಯಾಡ್ರಿ. ಡಿಕ್ಕ್ಯಾಗಿನ ಕೊಂಡಿಗೆ ಹಗ್ಗಾ ಕಟ್ರಿ. ಹಿಂದ ಯಾರೂ ಕುಂದರದಿದ್ರೂ ಬೆಲ್ಟ್ ಹಾಕಿ ಬಿಡ್ರಿ, ಸೀಟಿನ ಬೆನ್ನಿಗೆ ಅಷ್ಟರ ಆಸರಾ ಆಗ್ತದ.

ಈಗ ಮಗಳ ಗಾಡಿಗೆ ಬರ್ತೀನಿ. ಅಲ್ಲಿ ಆಟೋಬಾನ್ ಅಂತ ದೊಡ್ಡ ರಸ್ತೆ ಅವ, ಭಾಳ ಕಡೆ ಸ್ಪೀಡಿಗೆ ಮಿತಿ ಇಲ್ಲ. 130ರಾಗ ಹೋಗ್ರಿ ಅಂತ ಸರಕಾರ ಸಲಹಾ ಕೊಡ್ತದ, ಕಡ್ಡಾಯ ಅಲ್ಲ. ಅಳಿಯಂದಿರು 200 ಮುಟ್ಟಿಸಿದ್ದು ಹೇಳಿ ನಕ್ರು. ನಾ ನಗಲಿಲ್ಲ. ಅಳಿಯಂದಿರ ಮುಂದ ಎಂದೂ ದನಿ ಏರಿಸಿದಾಕಿ ಅಲ್ಲ, ಅವತ್ತು ಕೇಳೇ ಬಿಟ್ನಿ, "ಎಷ್ಟರಾಗ ಓಡ್ತದ ಅಂತ ಹೇಳಿದ್ರಿ, ಎಷ್ಟರಾಗ ನಿಲ್ತದ ಅದನ್ನೂ ಹೇಳ್ರಿ." ಸ್ಪೀಡ್ ಎರಡ್ಪಟ್ಟು ಆದ್ರ ಬ್ರೇಕ್ ಹಿಡದು ನಿಲ್ಲಾಕ ನಾಕ್ಪಟ್ಟು ಜಾಗಾ ಬೇಕು. ಇದು ಎಷ್ಟ ತುಟ್ಟಿ ಗಾಡಿಗೂ ಅಷ್ಟ, ನಮ್ಮ ಮರೀನಾಕ್ಕೂ ಅಷ್ಟ. ಅವರು ಸುಮ್ಮನಾದ್ರು. ನನಗೂ ಕೆಟ್ಟನಿಸ್ತು, ರೊಟ್ಟಿ ಹೊತ್ತಿತ್ತು.

ಆಮ್ಯಾಲ ಮಗಳ ಫೋನ್ ತಿರುವಿ ಹಿಂದಿನ ಬಾಗಲಾ ತಗದು ತೋರಿಸಿದ್ಲು. ಹನ್ನೊಂದು ತಿಂಗಳ ಮೊಮ್ಮಗ ಹಿಮ್ಮುಖ ಸೀಟಿನ್ಯಾಗ ಬೆಲ್ಟ್ ಬಿಗಿಸಿಕೊಂಡು ಮಲಗಿದ್ದ. ಹಂಗ್ಯಾಕ ಹಿಂದಮುಂದ ಕುಂದ್ರಸ್ಯಾರ, ಕೂಸಿಗೆ ಅವ್ವನ ಮಾರಿ ಕಾಣೂದಿಲ್ಲಲ್ಲ ಅಂದ್ನಿ. ಕೂಸಿನ ತಲಿ ಭಾರ, ಕುತ್ತಿಗಿ ಎಳೇದು, ಬ್ರೇಕ್ ಹಾಕಿದ್ರ ಬೆನ್ನು-ತಲಿ ಎರಡೂ ಸೀಟಿಗೆ ಒರಗತಾವ, ಈ ಹೊಸ ನಮೂನಿ ಸೀಟಿನ್ಯಾಗ ಕಡಿಮಿ ಅಂದ್ರ 15 ತಿಂಗಳ ತನಕ ಹಿಂಗ ಕುಂದ್ರಸೂದು ಅಂತ ಹೇಳಿದ್ಲು. ಡಿಕ್ಕಿ ತೋರಿಸಿದ್ಲು. ಕೂಸಿನ ಗಾಡಿ ಮಡಚಿ ಕೆಳಗ ಮಲಗಿಸಿ, ಎರಡು ಪಟ್ಟಿಲೆ ಕೊಂಡಿಗೆ ಕಟ್ಟಿದ್ಲು. ಸೀಟಿಗೂ ಡಿಕ್ಕಿಗೂ ನಡುವ ಜಾಳಗಿ ಏರಿಸಿದ್ಲು.

"ಯಾರ್ ಹೇಳಿಕೊಟ್ರು?" ಅಂದ್ನಿ. ಆಕಿ ಏನೂ ಹೇಳಲಿಲ್ಲ, ಹುಬ್ಬಿನ ಮ್ಯಾಲ ಬೆರಳು ಇಟ್ಟು ನಕ್ಳು. ಮರತಾಳಂತ ನಾ ತಿಳದಿದ್ನಿ.

ನಮ್ಮ ಮರೀನಾಕ್ಕ 2020ರಾಗ ಹದಿನೈದು ವರ್ಷ ತುಂಬಿ ನೋಂದಣಿ ಒಮ್ಮೆ ಮುಂದುವರಿಸಿದ್ವಿ, ಐದು ವರ್ಷಕ್ಕ. ಈಗ ಅದೂ ಮುಗೀತು. ಮತ್ತ ತಪಾಸಣಿ, ಹಸಿರು ತೆರಿಗಿ, "ಗುಜರಿಗೆ ಕೊಟ್ಟು ಸಣ್ಣದೊಂದು ತರೋಣು" ಅಂತಾರ ನಮ್ಮವರು. ಖರೇ ಅದ, ಹೊಗೀನೂ ಜಾಸ್ತಿ ಆಗ್ಯಾದ. ನಾ ಬ್ಯಾಡ ಅನ್ನೂದಿಲ್ಲ. ಡಿಸೆಂಬರ್‌ನಾಗ ಮಗಳು ಬರ್ತಾಳ. ಅಲ್ಲೀತನಕ ಇರ್ಲಿ ಅಂದೀನಿ. ಒಮ್ಮೆ ಮೊಮ್ಮಗನ್ನ ಕರ್ಕೊಂಡು ಅದರಾಗ ಟಿಕೋಟಾಕ್ಕ ಹೋಗಿ, ಅಪ್ಪನ ಹಂದರಾ ತೋರಿಸಿ, ಮಣೂಕ ತರಬೇಕು. ಹಗ್ಗಾ ಈಗ ತಂದು ಇಟ್ಟೀನಿ.