ಮೂರು ಚಾಪೆಯ ಕೋಣೆ

2023ರ ನವೆಂಬರಿನಲ್ಲಿ ಜಪಾನಿನ ಒಸಾಕಾ ನಗರಕ್ಕೆ ಹೊರಟಾಗ ಟಿಕೆಟು, ವೀಸಾಗಳಿಗಿಂತ ಹೆಚ್ಚು ತಲೆ ತಿಂದದ್ದು ಒಂದೇ ಪ್ರಶ್ನೆ: ರಾತ್ರಿ ಉಳಿಯುವುದೆಲ್ಲಿ? ತಂಗಿಯ ಮಗ ಅಲ್ಲಿ ಎಂಜಿನಿಯರ್. ಆದರೆ ಅವನಿರುವುದು ಕಂಪೆನಿಯ ವಸತಿಗೃಹದಲ್ಲಿ. ಹೊರಗಿನವರು ಅಲ್ಲಿ ರಾತ್ರಿ ಕಳೆಯುವಂತಿಲ್ಲ. “ಮಾಮ, ನೀವು ಹೊಟೇಲೇ ನೋಡಬೇಕು” ಎಂದು ಸಂಕೋಚದಿಂದ ಹೇಳಿದ್ದ. ನಾನು ನಿವೃತ್ತ ಮೇಷ್ಟ್ರು. ಎಂಟು ರಾತ್ರಿಗಳ ಬಾಡಿಗೆ ನನಗೆ ಸಣ್ಣ ಮಾತಲ್ಲ.

ಅವನು ಫೋನಿನಲ್ಲಿ ಊರಿನ ನಕ್ಷೆಯನ್ನೇ ಬಿಡಿಸಿಟ್ಟ. ಒಸಾಕಾದಲ್ಲಿ ದೊಡ್ಡ ಪೇಟೆಗಳು ಎರಡು. ಉತ್ತರದ್ದು ಉಮೇದಾ, ದಕ್ಷಿಣದ್ದು ನಂಬಾ. ಬುಲೆಟ್ ರೈಲು ನಿಲ್ಲುವ ಶಿನ್-ಒಸಾಕಾ ಇವೆರಡಕ್ಕೂ ಸೇರದೆ ಇನ್ನೂ ಉತ್ತರಕ್ಕಿದೆ. ಬೆಳಗಿನ ರೈಲು ಹಿಡಿಯುವವರಿಗೆ ಅಲ್ಲಿ ಅನುಕೂಲ, ಊರು ನೋಡಲು ಬಂದವರಿಗೆ ಅಲ್ಲಿ ಕೆಲಸವಿಲ್ಲ. ಈ ಮೂರನ್ನೂ ದಾರಕ್ಕೆ ಪೋಣಿಸಿದಂತೆ ಜೋಡಿಸುವುದು ಮಿದೊಸುಜಿ ಎಂಬ ಸುರಂಗ ರೈಲು. “ಆ ದಾರಿಯ ಯಾವ ನಿಲ್ದಾಣದ ಹತ್ತಿರವಾದರೂ ಇರಿ. ನಡುರಾತ್ರಿಗೆ ರೈಲು ನಿಲ್ಲುತ್ತದೆ, ಮತ್ತೆ ಬೆಳಿಗ್ಗೆ ಐದಕ್ಕೇ. ತಪ್ಪಿದರೆ ಟ್ಯಾಕ್ಸಿಗೆ ಕೊಡುವ ದುಡ್ಡಲ್ಲಿ ಒಂದು ದಿನದ ಬಾಡಿಗೆ ಆಗುತ್ತದೆ” ಎಂದ.

ನಂಬಾದಲ್ಲಿ ವಿಚಾರಿಸಿದೆವು. ನಾವು ನೋಡಿದ ಹೊಟೇಲಿನಲ್ಲಿ ರಾತ್ರಿಗೆ 12,000 ಯೆನ್, ಅಂದರೆ ಆಗಿನ ಲೆಕ್ಕದಲ್ಲಿ 6,600 ರೂಪಾಯಿಯ ಹತ್ತಿರ. ಅಗ್ಗದ್ದು ಬೇಕಾದರೆ ಕ್ಯಾಪ್ಸುಲ್ ಹೊಟೇಲು. ಆ ಬಗೆಯ ಹೊಟೇಲು ಹುಟ್ಟಿದ್ದೇ ಒಸಾಕಾದಲ್ಲಿ. 1979ರಲ್ಲಿ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ರೂಪಿಸಿದ ಮೊದಲನೆಯದು ಉಮೇದಾದಲ್ಲಿ ತೆರೆಯಿತು. ಒಂದರ ಮೇಲೊಂದು ಜೋಡಿಸಿದ ಪೆಟ್ಟಿಗೆಗಳಲ್ಲಿ ಮಲಗಬಹುದು, ಕೂರಬಹುದು, ಎದ್ದು ನಿಲ್ಲಲಾಗದು. ನಿಂತು ನಮಾಝ್ ಮಾಡುವಷ್ಟಾದರೂ ಜಾಗ ಬೇಡವೇ ಎಂದು ಅದನ್ನೂ ಬಿಟ್ಟೆ.

ಕೊನೆಗೆ ನಾನೇ ಹುಡುಕಿದ್ದು ಶಿನ್-ಇಮಾಮಿಯಾ ನಿಲ್ದಾಣದ ಬಳಿಯ ಒಂದು ವಸತಿಗೃಹ. ರಾತ್ರಿಗೆ 2,600 ಯೆನ್, ಸುಮಾರು 1,450 ರೂಪಾಯಿ. ವಿಮಾನ ನಿಲ್ದಾಣದಿಂದ ಬರುವ ನಾನ್‌ಕಾಯ್ ರೈಲು ನೇರವಾಗಿ ಅಲ್ಲಿ ನಿಲ್ಲುತ್ತದೆ. ಮಿದೊಸುಜಿ ರೈಲಿನ ದೊಬುತ್ಸುಎನ್-ಮಾಎ ನಿಲ್ದಾಣವೂ ಪಕ್ಕದಲ್ಲೇ. ಇಷ್ಟು ಅನುಕೂಲವಿದ್ದೂ ಇಷ್ಟು ಅಗ್ಗ ಹೇಗೆ?

“ಮಾಮ, ಅಲ್ಲಿ ಬೇಡ” ಎಂದ ಅಳಿಯ. ಯಾಕೆಂದು ಕೇಳಿದರೆ, “ಒಳ್ಳೆಯ ಜಾಗ ಅಲ್ಲ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ಏನು ಹೇಳಲಿ?” ಎಂದ. ಕಳ್ಳತನದ ಭಯವೇ ಎಂದೆ. “ಹಾಗಲ್ಲ, ಅಲ್ಲಿ ಕೂಲಿಯವರು ಇರೋದು” ಎಂದ. ನಾನು ಆ ರಾತ್ರಿಯೇ ಕೋಣೆ ಕಾದಿರಿಸಿದೆ. ಕಾರಣವನ್ನು ಅವನಿಗೆ ಹೇಳಲಿಲ್ಲ.

ಆ ಪ್ರದೇಶವನ್ನು ಜನ ಕರೆಯುವುದು ಕಾಮಾಗಾಸಾಕಿ ಎಂದು. ಸರಕಾರದ ನಕ್ಷೆಯಲ್ಲಿ ಈ ಹೆಸರಿಲ್ಲ. ದಿನಗೂಲಿಯವರು ಬೆಳಿಗ್ಗೆ ಕೆಲಸ ಹುಡುಕುವ, ರಾತ್ರಿ ಅಗ್ಗದ ಕೋಣೆಯಲ್ಲಿ ಮಲಗುವ ಜಾಗ ಅದು. 1961ರ ಆಗಸ್ಟಿನಲ್ಲಿ ಟ್ಯಾಕ್ಸಿ ಬಡಿದು ಬಿದ್ದ ಒಬ್ಬ ಮುದಿ ಕೂಲಿಕಾರನನ್ನು ಪೊಲೀಸರು ತಕ್ಷಣ ಎತ್ತದೆ ರಸ್ತೆಯಲ್ಲೇ ಬಿಟ್ಟರೆಂದು ಕೂಲಿಯವರು ರೊಚ್ಚಿಗೆದ್ದರು. ಹಲವು ದಿನ ಗಲಭೆ ನಡೆಯಿತು. 1966ರಲ್ಲಿ ಆಡಳಿತ ಈ ಜಾಗಕ್ಕೆ ‘ಐರಿನ್’ ಎಂದು ಹೊಸ ಹೆಸರಿಟ್ಟಿತು. ನೆರೆಯವರನ್ನು ಪ್ರೀತಿಸುವುದು ಎಂಬುದು ಅದರ ಅರ್ಥ. ಹೆಸರು ಬದಲಾಯಿತು, ಅಳಿಯನಂಥವರ ಬಾಯಲ್ಲಿ ಎಚ್ಚರಿಕೆಯ ಮಾತು ಬದಲಾಗಲಿಲ್ಲ.

ಇಲ್ಲಿನ ಕೋಣೆಗಳಿಗೆ ‘ದೊಯಾ’ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ‘ಯಾದೊ’ ಎಂದರೆ ತಂಗುವ ಮನೆ. ಅದನ್ನು ತಿರುಗಿಸಿದರೆ ದೊಯಾ. ಮನೆ ಅನ್ನಿಸಿಕೊಳ್ಳುವ ಯೋಗ್ಯತೆಯಿಲ್ಲದ್ದಕ್ಕೆ ತಲೆಕೆಳಗಾದ ಹೆಸರು.

ನನ್ನ ಕೋಣೆಯಲ್ಲಿ ಮೂರು ತತಾಮಿ ಚಾಪೆಗಳಿದ್ದವು, ಸುಮಾರು ಐವತ್ತು ಚದರಡಿ. ಮಡಚಿಟ್ಟ ಹಾಸಿಗೆ, ಪುಟ್ಟ ಟಿ.ವಿ., ಒಂದು ಕಿಟಕಿ. ಕೈ ಚಾಚಿದರೆ ಎರಡು ಗೋಡೆಗಳೂ ಸಿಗುತ್ತಿದ್ದವು. ಶೌಚಾಲಯ ಮಹಡಿಗೊಂದು. ಸ್ನಾನ ಕೆಳಗೆ, ಎಲ್ಲರಿಗೂ ಒಂದೇ ತೊಟ್ಟಿ. ನಾಚಿಕೆಯ ಮನುಷ್ಯನಾದ ನಾನು ಪಕ್ಕದ ಶವರಿನ ಗೂಡನ್ನೇ ನೆಚ್ಚಿಕೊಂಡೆ. ಪಾಲಿನ ಅಡುಗೆಮನೆಯಲ್ಲಿ ಅನ್ನ, ಮೊಟ್ಟೆ ಬೇಯಿಸಿಕೊಳ್ಳಬಹುದಿತ್ತು. ಯಾವ ಸಾರಿನಲ್ಲಿ ಹಂದಿಯ ಕೊಬ್ಬಿದೆಯೋ, ಯಾವುದರಲ್ಲಿ ಮದ್ಯ ಬೆರೆಸಿದ್ದಾರೋ ಎಂದು ಪ್ರತಿ ಹೊತ್ತೂ ವಿಚಾರಿಸುವ ಕಷ್ಟ ಅದರಿಂದ ತಪ್ಪಿತು. ದಿಕ್ಸೂಚಿ ನೋಡಿದೆ. ನಮ್ಮ ಕರಾವಳಿಯಲ್ಲಿ ನಿಲ್ಲುವ ದಿಕ್ಕೇ, ಪಶ್ಚಿಮದಿಂದ ಕೊಂಚ ಉತ್ತರಕ್ಕೆ. ಇಷ್ಟು ದೂರ ಬಂದರೂ ದಿಕ್ಕು ಬದಲಾಗಿರಲಿಲ್ಲ.

ಮುಸಲ್ಲಾ ಹಾಸಿದ ಮೇಲೆ ಉಳಿದ ಜಾಗ ನೋಡಿ ಬಾಪಾ ನೆನಪಾದರು. ಅವರು ಹದಿನೆಂಟು ವರ್ಷ ಸೌದಿಯಲ್ಲಿ ಕಟ್ಟಡ ಕೆಲಸ ಮಾಡಿದವರು. ಎರಡು ವರ್ಷಕ್ಕೊಮ್ಮೆ ಬರುವಾಗ ಸೆಂಟು, ಕಂಬಳಿ, ಟೇಪ್‌ರೆಕಾರ್ಡರ್ ತರುತ್ತಿದ್ದರು. ಅಲ್ಲಿ ನಿಮ್ಮ ಮನೆ ಹೇಗಿದೆ ಎಂದು ಕೇಳಿದರೆ “ದೊಡ್ಡ ದೊಡ್ಡ ಕಟ್ಟಡ ಮಗಾ” ಎಂದಷ್ಟೇ ಹೇಳುತ್ತಿದ್ದರು. ಅವರು ತೀರಿದ ಮೇಲೆ ಜೊತೆಗಿದ್ದವರೊಬ್ಬರು ಹೇಳಿದರು: ಒಂದು ಕೋಣೆಯಲ್ಲಿ ಹತ್ತು ಜನ, ಒಂದು ಮಂಚಕ್ಕೆ ಇಬ್ಬರು. ಹಗಲು ಪಾಳಿಯವನು ಎದ್ದರೆ ರಾತ್ರಿ ಪಾಳಿಯವನು ಮಲಗುವುದು. ಅಳಿಯ “ಕೂಲಿಯವರು ಇರೋದು” ಎಂದಾಗ ಮೊದಲು ಕಣ್ಣೆದುರು ಬಂದದ್ದು ಆ ಮಂಚ. ಅವನ ಅಜ್ಜನ ಮಂಚ.

ನಮ್ಮ ವಸತಿಗೃಹದ ಮೇಲಿನ ಮಹಡಿಗಳು ಪ್ರವಾಸಿಗಳಿಗೆ, ಕೆಳಗಿನವು ತಿಂಗಳ ಬಾಡಿಗೆಯ ಮುದುಕರಿಗೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬರು ಸಿಗುತ್ತಿದ್ದರು. ಎಪ್ಪತ್ತೆಂಟರ ವಯಸ್ಸು, ಸುತ್ತಿಗೆ ಹಿಡಿದು ಬಾಗಿಹೋದ ಬೆರಳುಗಳು. ಮೊದಲ ದಿನ ನಾನು ಹಾಸಿಗೆಯನ್ನು ಸುರುಳಿ ಸುತ್ತಿದ್ದನ್ನು ನೋಡಿ, ಬಂದು ಮೂರಾಗಿ ಮಡಚಿ ತೋರಿಸಿದರು. ನಮ್ಮ ನಡುವೆ ಭಾಷೆಯಿರಲಿಲ್ಲ. ಚಹಾ ಇತ್ತು.

ಭಾನುವಾರ ಅಳಿಯ ಬಂದ. ಅವನ ಮುಖ ಬಾಗಿಲಲ್ಲೇ ಬಿಗಿದಿತ್ತು. ಆದರೆ ಅವನ ಜಪಾನಿ ಮಾತು ಕೇಳಿ ಮುದುಕರು ಅರಳಿದರು. ಕ್ಯೂಶು ದ್ವೀಪದ ಕಲ್ಲಿದ್ದಲು ಊರಿನವರಂತೆ. 1960ರ ದಶಕದಲ್ಲಿ ದೇಶ ಕಲ್ಲಿದ್ದಲು ಬಿಟ್ಟು ತೈಲಕ್ಕೆ ತಿರುಗಿದಾಗ ಗಣಿಗಳು ಒಂದೊಂದಾಗಿ ಮುಚ್ಚಿದವು. ಒಸಾಕಾದಲ್ಲಿ 1970ರ ಜಾಗತಿಕ ಮೇಳಕ್ಕೆ ನೆಲ ಸಮ ಮಾಡುವ, ರಸ್ತೆ ಹಾಕುವ ಕೆಲಸವಿದೆ ಎಂದು ಒಂಟಿ ಗಂಡಸರು ರೈಲು ಹತ್ತಿದರು. ಇವರೂ ಬಂದರು. ಆರು ಕೋಟಿಗೂ ಹೆಚ್ಚು ಜನ ನೋಡಿದ ಮೇಳ ಅದು. “ನೀವೂ ನೋಡಿದಿರಾ?” ಎಂದು ಕೇಳಿಸಿದೆ. “ಒಮ್ಮೆ ಹೋಗಿದ್ದೆ. ಅಮೆರಿಕದವರು ಚಂದ್ರನ ಕಲ್ಲು ಇಟ್ಟಿದ್ದರು, ಅದಕ್ಕೆ ಭಾರೀ ಸಾಲು. ಕಲ್ಲು ನೋಡಲು ಸಾಲು ನಿಲ್ಲಬೇಕೇ? ದಿನವಿಡೀ ಹೊರುತ್ತಿದ್ದೆನಲ್ಲ ಎಂದು ವಾಪಸು ಬಂದೆ” ಎಂದು ನಕ್ಕರು. ಅನುವಾದಿಸುತ್ತಿದ್ದ ಅಳಿಯನೂ ನಕ್ಕ. ಆಮೇಲೆ ಸುಮ್ಮನಾದ.

ಅಂದು ಸಂಜೆ ಮೂವರೂ ಬೀದಿ ಸುತ್ತಿದೆವು. ಮೇಳದ ವರ್ಷವೇ ತೆರೆದ ಕಾರ್ಮಿಕ ಕೇಂದ್ರದ ದೊಡ್ಡ ಕಟ್ಟಡ ಭೂಕಂಪ ತಾಳದೆಂದು 2019ರಲ್ಲಿ ಮುಚ್ಚಿತ್ತು. ಅದರ ಗೋಡೆಗೊರಗಿ ಕೆಲವರು ಟಾರ್ಪಾಲು ಕಟ್ಟಿಕೊಂಡು ಮಲಗಿದ್ದರು. ತ್ರಿಕೋನದ ಉದ್ಯಾನದಲ್ಲಿ ಬಿಸಿ ಗಂಜಿಗೆ ಸಾಲಿತ್ತು. ರೈಲು ಹಳಿಯ ಆಚೆ 2022ರಲ್ಲಿ ತೆರೆದ, ನಾನೂರಕ್ಕೂ ಹೆಚ್ಚು ಕೋಣೆಗಳ ಹೊಟೇಲು ಹೊಳೆಯುತ್ತಿತ್ತು. ಎಲ್ಲೆಡೆ 2025ರ ಮುಂದಿನ ಮೇಳದ ಭಿತ್ತಿಪತ್ರಗಳು. ಅಳಿಯ ಆ ಬೀದಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದ. ನನ್ನನ್ನು ಕಾಯಲೋ, ತನ್ನನ್ನೋ, ತಿಳಿಯಲಿಲ್ಲ.

ರಾತ್ರಿ ಅವನಿಗೆ ಬಾಪಾರ ಮಂಚದ ಕತೆ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ನಾವು ಹೇಳಿದ್ದೂ ಇಲ್ಲ. ಮಕ್ಕಳಿಗೆ ಸೆಂಟಿನ ಪರಿಮಳ ದಾಟಿಸಿದೆವು, ಕೋಣೆಯ ವಾಸನೆಯನ್ನು ಅಡಗಿಸಿದೆವು. ತಪ್ಪು ಅವನೊಬ್ಬನದೇ ಎಂದು ಹೇಗೆ ಹೇಳಲಿ?

ಇದರಲ್ಲಿ ನನ್ನದೂ ಒಂದು ಪಾಲಿದೆ. ವಯಸ್ಸಾದ ಕೂಲಿಯವರು ಕಡಿಮೆಯಾಗುತ್ತಾ ಬಂದಂತೆ ದೊಯಾಗಳು ಕೆಲವು ಮುದುಕರ ವಾಸದ ಮನೆಗಳಾದವು, ಕೆಲವು ನನ್ನಂಥವರ ಹೊಟೇಲುಗಳಾದವು. ನಾನು ಉಳಿಸಿದ ನಾಲ್ಕು ಕಾಸು ಯಾರದೋ ಜಾಗದ ಮೇಲಿನದು. 2024ರ ಡಿಸೆಂಬರಿನಲ್ಲಿ ಆ ಗೋಡೆಯ ಬಳಿಯ ಟಾರ್ಪಾಲುಗಳನ್ನು ತೆರವು ಮಾಡಿಸಿದರು. 2025ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮೇಳ ನಡೆಯಿತು. ಆಗ ಅಳಿಯ ಫೋನು ಮಾಡಿ, “ಮಾಮ, ನಿಮ್ಮ ಕೋಣೆಯ ಬಾಡಿಗೆ ದುಪ್ಪಟ್ಟಾಗಿದೆ” ಎಂದ. ಮುದುಕರ ವಿಷಯ ಕೇಳಿದೆ. ಇದ್ದಾರೆ, ತಿಂಗಳಿಗೊಮ್ಮೆ ಹೋಗಿ ಚಹಾ ಕುಡಿದು ಬರುತ್ತೇನೆ ಎಂದ.

ಒಸಾಕಾಕ್ಕೆ ಹೋಗುವವರು ಈಗಲೂ ನನ್ನನ್ನು ವಿಚಾರಿಸುತ್ತಾರೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ನಂಬಾ ಆಗಬಹುದು, ಮಿದೊಸುಜಿ ರೈಲು ಬಿಟ್ಟು ದೂರ ಹೋಗಬೇಡಿ ಎನ್ನುತ್ತೇನೆ. ಒಬ್ಬರೇ ಆಗಿದ್ದು, ಕಿಸೆ ಹಗುರವಾಗಿದ್ದರೆ ಶಿನ್-ಇಮಾಮಿಯಾ. ಅಲ್ಲಿ ಹೋದರೆ ರಾತ್ರಿ ಮಾತು ಮೆಲ್ಲಗಿರಲಿ, ಗೋಡೆ ತೆಳು. ಮಲಗಿದವರ, ಸಾಲು ನಿಂತವರ ಫೋಟೊ ತೆಗೆಯಬೇಡಿ. ಬೆಳಿಗ್ಗೆ ಅಡುಗೆಮನೆಯಲ್ಲಿ ಯಾರಾದರೂ ಸಿಕ್ಕಿದರೆ ತಲೆಬಾಗಿ ನಮಸ್ಕರಿಸಿ. ಹಾಸಿಗೆಯನ್ನು ಮೂರಾಗಿ ಮಡಚಿ.